ಗೇಟಿಗೆ ಅಡ್ಡ ನಿಂತವನು

ಜಯನಗರದ ನಮ್ಮ ಆಫೀಸಿನ ಕಿಟಕಿಯಿಂದ ಕಾಣುವ ನೀರೆಂದರೆ ಎದುರು ಮನೆಯ ಟ್ಯಾಂಕು ತುಂಬಿ ರಸ್ತೆಗೆ ಸುರಿಯುವ ನೀರು ಮಾತ್ರ. ಅಂಥ ಕಡೆ ಕೂತು ನಾನು ಕರಾವಳಿಯ ಒಂದು ಸಣ್ಣ ಬಂದರಿನ ಭದ್ರತೆಗೆ ಕೇಂದ್ರ ಸರ್ಕಾರದ ಅನುದಾನ ಕೇಳುವ ವರದಿ ಬರೆದೆ. ಕೆಳಗೆ ಸ್ಟೀಲ್ ಪಾತ್ರೆ ಅಂಗಡಿ, ಮೇಲಿನ ಮಹಡಿಯಲ್ಲಿ ನಾವು ನಾಲ್ಕಾರು ಜನ. ಸರ್ಕಾರದ ಒಂದು ಕಚೇರಿಗೆ ಸರ್ಕಾರದ ಇನ್ನೊಂದು ಕಚೇರಿಯಿಂದ ಹಣ ಬೇಕಾದಾಗ ಅದನ್ನು ಕೇಳುವ ಭಾಷೆ ಅವರಲ್ಲಿ ಇರುವುದಿಲ್ಲ, ನಮ್ಮಲ್ಲಿ ಇರುತ್ತದೆ. ನಮ್ಮ ಹೊಟ್ಟೆಪಾಡು ಅದೇ.

ನಮ್ಮ ಯಜಮಾನರು ಸರ್ಕಾರಿ ಎಂಜಿನಿಯರಾಗಿ ನಿವೃತ್ತರಾದವರು. ಅವರಿಗೆ ವರದಿಯ ಬಗ್ಗೆ ಕೆಲವು ನಂಬಿಕೆಗಳಿದ್ದವು. ಮೊದಲ ಪ್ರತಿಗೆ ಕುಂಕುಮ ಇಡದೆ ಬೈಂಡಿಂಗಿಗೆ ಕಳಿಸುವಂತಿಲ್ಲ. ಮಂಗಳವಾರ ಏನನ್ನೂ ಅಪ್‌ಲೋಡ್ ಮಾಡುವಂತಿಲ್ಲ. ಎಲ್ಲಕ್ಕಿಂತ ದೊಡ್ಡ ನಂಬಿಕೆ ಫೋಟೋದ್ದು.

"ನೋಡಮ್ಮ, ಫೋಟೋದಲ್ಲಿ ಮನುಷ್ಯ ಇರ್ಬೇಕು. ಬೋರ್‌ವೆಲ್ ಆದ್ರೆ ಪಕ್ಕದಲ್ಲಿ ಪಂಪ್ ಆಪರೇಟರು, ಗೋಡೆ ಆದ್ರೆ ಮುಂದೆ ವಾಚ್‌ಮನ್ನು. ಬರೀ ಗೋಡೆ ಫೋಟೋ ಯಾವನ್ ನಂಬ್ತಾನೆ? ಎಲ್ಲಿಂದ ಬೇಕಾದ್ರೂ ಇಳಿಸ್ಕೊಂಡಿರಬಹುದು ಅಂತಾರೆ."

ಇದನ್ನು ತಮಾಷೆ ಎಂದುಕೊಳ್ಳಬೇಡಿ. ಸರ್ಕಾರಿ ಫೈಲುಗಳಲ್ಲಿ ಶೌಚಾಲಯದ ಮುಂದೆ ಕೈಕಟ್ಟಿ ನಿಂತ ಪಂಚಾಯಿತಿ ಸದಸ್ಯರ ಫೋಟೋ ನೋಡಿದವರಿಗೆ ಈ ಪದ್ಧತಿ ಗೊತ್ತಿರುತ್ತದೆ. ನಾನೂ ವರ್ಷಗಟ್ಟಲೆ ಹಾಗೇ ಜನರನ್ನು ನಿಲ್ಲಿಸಿದ್ದೇನೆ.

ಯೋಜನೆ ಹೀಗಿತ್ತು. ಸಣ್ಣ ಬಂದರುಗಳಿಗೆ ಸುತ್ತುಗೋಡೆ, ಗಟ್ಟಿ ಗೇಟು, ದೀಪ, ಕ್ಯಾಮೆರಾ, ವೈರ್‌ಲೆಸ್ ಮತ್ತು ಗಸ್ತಿಗೆ ಒಂದು ದೋಣಿ. ಹೆಚ್ಚಿನ ಪಾಲು ಕೇಂದ್ರದ್ದು, ಉಳಿದದ್ದು ರಾಜ್ಯದ್ದು. ಆದರೆ ಎಲ್ಲ ಬಂದರಿಗೂ ಕೊಡುವಷ್ಟು ಹಣವಿಲ್ಲ, ಆದ್ದರಿಂದ ಅಂಕ ಹಾಕುತ್ತಾರೆ. ಎಷ್ಟು ಕೊರತೆಯೋ ಅಷ್ಟು ಅಂಕ. ನಮ್ಮ ಮನೆ ಎಷ್ಟು ಸೋರುತ್ತದೆ ಎಂದು ಚೆನ್ನಾಗಿ ತೋರಿಸಿದವರಿಗೆ ಹೆಂಚು ಸಿಗುತ್ತದೆ.

ರಾತ್ರಿ ಬಸ್ಸಿನಲ್ಲಿ ಘಟ್ಟ ಇಳಿದು ಬೆಳಿಗ್ಗೆ ಬಂದರು ತಲುಪಿದೆ. ನದಿ ಸಮುದ್ರಕ್ಕೆ ಸೇರುವ ಜಾಗ, ಒಂದು ಜೆಟ್ಟಿ, ಒಂದು ಗೋದಾಮು, ರಸ್ತೆ ಕಡೆಗೆ ಒಂದು ಗೇಟು. ದ್ವೀಪಗಳಿಗೆ ಸಾಮಾನು ಒಯ್ಯುವ ಮರದ ಹಡಗುಗಳು, ಅಲ್ಲಿಯವರು ಮಂಜಿ ಎನ್ನುತ್ತಾರೆ, ಎರಡು ನಿಂತಿದ್ದವು. ಬಂದರು ಉಸಿರಾಡುವುದು ಮಾತ್ರ ಆಗೊಮ್ಮೆ ಈಗೊಮ್ಮೆ ಬರುವ ಸಣ್ಣ ವಿದೇಶಿ ಹಡಗುಗಳಿಂದ. ಆ ಹಡಗುಗಳು ಬರಬೇಕಾದರೆ 'ಈ ಬಂದರು ಸುರಕ್ಷಿತ' ಎಂಬ ಕೇಂದ್ರದ ಸರ್ಟಿಫಿಕೇಟು ಇರಲೇಬೇಕು. ಈ ಬಂದರಿಗೆ ಅದು ಇತ್ತು.

ಬಂದರು ಅಧಿಕಾರಿ ನನ್ನನ್ನು ಕಾಯುತ್ತ ಗೇಟಿನಲ್ಲೇ ನಿಂತಿದ್ದರು. ಐವತ್ತರ ಆಚೆಯ ಮನುಷ್ಯ, ಅಂಗಿಯ ಜೇಬಿನಲ್ಲಿ ಎರಡು ಪೆನ್ನು, ಕಾಲಿಗೆ ರಬ್ಬರ್ ಚಪ್ಪಲಿ. ಸರ್ಕಾರಿ ನೌಕರರಲ್ಲಿ ನಾನು ಕಂಡ ಎರಡು ಜಾತಿಯಲ್ಲಿ, ಅಂದರೆ ಎಲ್ಲವನ್ನೂ ಮುಚ್ಚುವವರು ಮತ್ತು ಎಲ್ಲದಕ್ಕೂ ನಗುವವರು, ಇವರು ಯಾವುದಕ್ಕೂ ಸೇರಲಿಲ್ಲ. ಮೊದಲ ಮಾತೇ ಹೀಗಿತ್ತು:

"ಬನ್ನಿ ಮೇಡಂ. ನೋಡ್ಲಿಕ್ಕೆ ಹೆಚ್ಚು ಏನಿಲ್ಲ. ಇಲ್ಲದ್ದೇ ಜಾಸ್ತಿ ಉಂಟು."

ಗೇಟಿನ ಒಂದು ಬದಿಯ ಕಂಬ ವಾಲಿತ್ತು. ಕಂಬಕ್ಕೂ ಗೋಡೆಗೂ ನಡುವೆ ಒಬ್ಬ ಮನುಷ್ಯ ಅಡ್ಡಡ್ಡ ತೂರಬಹುದಾದಷ್ಟು ಕಂಡಿ. ಕಡಲು ಒಂದು ಮಳೆಗಾಲದಲ್ಲಿ ಗೋಡೆಯ ಆ ತುಂಡನ್ನು ಎಳೆದುಕೊಂಡು ಹೋಗಿತ್ತಂತೆ. ಜೆಟ್ಟಿಯ ಕೊನೆಯಲ್ಲಿ ಕಾಂಕ್ರೀಟು ಕಿತ್ತು ಕಬ್ಬಿಣದ ಸರಳುಗಳು ಹೊರಗೆ ಚಾಚಿದ್ದವು. ತುಕ್ಕು ತಿಂದು ಬಾಗಿದ ದೀಪದ ಕಂಬಗಳಿದ್ದವು, ದೀಪಗಳಿರಲಿಲ್ಲ. ಭದ್ರತಾ ಸಿಬ್ಬಂದಿ ಎಂದರೆ ಹೊರಗುತ್ತಿಗೆಯ ಒಬ್ಬ ಗಾರ್ಡು. ಅವನ ಸಲಕರಣೆ ಒಂದು ಟಾರ್ಚು, ಒಂದು ಸೀಟಿ.

ಗಾರ್ಡು ಮಾತಿನ ಮಲ್ಲ. ನನ್ನ ಅಳತೆ ಟೇಪಿನ ಇನ್ನೊಂದು ತುದಿ ಹಿಡಿದುಕೊಂಡೇ ನನ್ನ ಸಂಸಾರದ ವಿಚಾರಣೆ ಮುಗಿಸಿದ.

"ಬೆಂಗ್ಳೂರಲ್ಲಿ ಎಲ್ಲಿ ಮೇಡಂ ನೀವು?"

"ಕತ್ರಿಗುಪ್ಪೆ."

"ಅದು ಅರೆಕೆರೆಗೆ ಹತ್ರವಾ? ನನ್ನ ಭಾವ ಅರೆಕೆರೆಯಲ್ಲಿ ಇರುದು. ಅಪಾರ್ಟ್‌ಮೆಂಟಲ್ಲಿ ಎಲೆಕ್ಟ್ರಿಷಿಯನ್. ಬಾ ಬಾ ಅಂತಾನೆ. ನಾನು ಹೋಗುದಿಲ್ಲ ಅಂದೆ. ಅಲ್ಲಿ ಗಾಳಿಯೇ ಇಲ್ಲ ಅಂತಲ್ಲ?"

ಗೇಟಿನ ಫೋಟೋ ತೆಗೆಯಲು ಮೊಬೈಲ್ ಎತ್ತಿದೆ. ಗಾರ್ಡು ಓಡಿಹೋಗಿ ಟೋಪಿ ಸರಿಮಾಡಿಕೊಂಡು, ಕಂಡಿಯ ಮುಂದೆ ಎದೆ ಉಬ್ಬಿಸಿ ನಿಂತ.

"ಸ್ವಲ್ಪ ಆಕಡೆ ಬನ್ನಿ" ಎಂದೆ.

"ನಾನು ಬೇಡ್ವಾ?"

"ಆಮೇಲೆ ನಿಮ್ಮದೊಂದು ಬೇರೆ ತೆಗೀತೀನಿ. ಈಗ ಕಂಡಿ ಕಾಣ್ಬೇಕು."

ಅವನಿಗೆ ಬೇಸರವಾಯಿತು. ಕಂಡಿಯ ಫೋಟೋ ತೆಗೆಯಲಿಕ್ಕೆ ಬೆಂಗಳೂರಿನಿಂದ ಬರುವ ಹೆಂಗಸರು ಇದ್ದಾರೆ ಎಂಬುದು ಅವನಿಗೆ ಅರ್ಥವಾಗದ ಸಂಗತಿ. ಯಜಮಾನರ ನಂಬಿಕೆಯನ್ನು ನಾನು ಮುರಿದದ್ದು ಅದೇ ಮೊದಲು. ಕೊರತೆಯೇ ಅಂಕವಾಗಿರುವಾಗ ಮನುಷ್ಯನನ್ನು ನಿಲ್ಲಿಸಿ ಕೊರತೆಯನ್ನು ಮುಚ್ಚುವುದು ಯಾವ ಬುದ್ಧಿವಂತಿಕೆ?

ಮಧ್ಯಾಹ್ನ ಊಟದ ಹೊತ್ತಿಗೆ ಅಧಿಕಾರಿ ಆ ಮಳೆಗಾಲದ ಕಥೆ ಹೇಳಿದರು. ಮಂಜಿಗಳ ಡೀಸೆಲ್ ಕದಿಯಲು ಕಂಡಿಯಿಂದ ಇಬ್ಬರು ಒಳಗೆ ನುಗ್ಗಿದ್ದರು. ಗಾರ್ಡು ಸೀಟಿ ಊದುತ್ತ ಅಟ್ಟಿಸಿಕೊಂಡು ಹೋದ. ಕತ್ತಲಲ್ಲಿ ಜೆಟ್ಟಿಯ ಕೊನೆ ಕಾಣದೆ ನೀರಿಗೆ ಬಿದ್ದ. ಸರಳಿಗೆ ಸಿಕ್ಕಿ ತೊಡೆ ಹರಿಯಿತು. ಹೊಳೆಯ ಸೆಳೆತಕ್ಕೆ ಎದುರು ಈಜಿ ಹೇಗೋ ಮೇಲೆ ಬಂದ.

"ಈಜ್ಲಿಕ್ಕೆ ಚೆನ್ನಾಗಿ ಬರ್ತದೆ ಅಂತ ಬದುಕಿದ," ಗಾರ್ಡು ನಡುವೆ ತನ್ನನ್ನೇ ಬೇರೆಯವನಂತೆ ಹೊಗಳಿಕೊಂಡ.

ಅವನು ಕೈತೊಳೆಯಲು ಎದ್ದು ಹೋದ ಮೇಲೆ ಅಧಿಕಾರಿ ದನಿ ತಗ್ಗಿಸಿದರು. "ಒಂದು ದಿನ ಇವ ನೀರಿಗೆ ಹೋಗ್ತಾನೆ ಮೇಡಂ, ವಾಪಸ್ ಬರುದಿಲ್ಲ. ಅವನ ಮನೆಗೆ ಹೋಗಿ ಹೇಳ್ಬೇಕಾದವ ನಾನು. ನನಗೆ ಕ್ಯಾಮೆರಾ ದೋಣಿ ಎಲ್ಲ ಸಿಗದಿದ್ರೂ ಅಡ್ಡಿಯಿಲ್ಲ. ಗೋಡೆ, ನಾಲ್ಕು ದೀಪ, ಜೆಟ್ಟಿಗೆ ಒಂದು ಕಟಾಂಜನ, ಇಷ್ಟು ಆಗ್ಲಿ."

ಕಟಾಂಜನವನ್ನು ವರದಿಯ ಭಾಷೆಯಲ್ಲಿ 'ಜಲಮುಖ ಅಂಚಿನ ರಕ್ಷಣಾ ವ್ಯವಸ್ಥೆ' ಎನ್ನಬೇಕು. ಹಾಗೆ ಬರೆದರೆ ಅದು ಭದ್ರತೆಯ ತಲೆಬರಹದಡಿ ಬರುತ್ತದೆ, ಕಟಾಂಜನ ಎಂದರೆ ದುರಸ್ತಿಯಡಿ ಹೋಗಿ ತಿರಸ್ಕಾರವಾಗುತ್ತದೆ. ನನಗೆ ಇಂಥದೆಲ್ಲ ಗೊತ್ತಿತ್ತು. ಆ ದಿನ ನನ್ನ ಕಸುಬಿನ ಬಗ್ಗೆ ಸ್ವಲ್ಪ ಹೆಮ್ಮೆಯೂ ಆಯಿತು.

ಜಯನಗರಕ್ಕೆ ವಾಪಸಾದ ಮೇಲೆ ಶುರುವಾದದ್ದು ನಿಜವಾದ ಕೆಲಸ. ಮೊದಲು ಅಪಾಯದ ಮೌಲ್ಯಮಾಪನ: ಯಾರು ಎಲ್ಲಿಂದ ಒಳಗೆ ಬರಬಹುದು, ಬಂದರೆ ಏನಾಗಬಹುದು, ಈಗ ಅದನ್ನು ತಡೆಯಲು ಏನಿದೆ. ಆಮೇಲೆ ನಕ್ಷೆ, ಆಮೇಲೆ ಅಂದಾಜು ಪಟ್ಟಿ. ಮೊದಲ ಪೆಟ್ಟು ನಕ್ಷೆಯಲ್ಲೇ ಬಿತ್ತು. ನಾನು ಹೊಸ ದೀಪದ ಕಂಬಗಳನ್ನು ಜೆಟ್ಟಿಯ ಬುಡದಲ್ಲಿ ಗುರುತು ಮಾಡಿದ್ದೆ. ಅದು ಉಬ್ಬರದ ನೀರು ಮುಟ್ಟುವ ಗೆರೆಯ ಒಳಗೆ ಬರುತ್ತಿತ್ತು. ಅಲ್ಲಿ ಒಂದು ಗೂಟ ನೆಡಲಿಕ್ಕೂ ಕರಾವಳಿ ವಲಯದ ಬೇರೆ ಅನುಮತಿ ಬೇಕು, ಅದು ಬರುವಷ್ಟರಲ್ಲಿ ಯೋಜನೆಯೇ ಮುಗಿದಿರುತ್ತದೆ. ಕಂಬಗಳನ್ನು ಗೋದಾಮಿನ ಪಕ್ಕಕ್ಕೆ ಸರಿಸಿ, ಎತ್ತರ ಹೆಚ್ಚಿಸಿ, ಬೆಳಕು ಜೆಟ್ಟಿಯ ಕೊನೆ ಮುಟ್ಟುತ್ತದೆಯೇ ಎಂದು ಮತ್ತೆ ಲೆಕ್ಕ ಹಾಕಿದೆ. ಮುಟ್ಟಲಿಲ್ಲ. ಇನ್ನೂ ಎತ್ತರಿಸಿದರೆ ಗಾಳಿಯ ಒತ್ತಡಕ್ಕೆ ಬುನಾದಿ ದೊಡ್ಡದಾಗಬೇಕು. ಕೊನೆಗೆ ಗೋದಾಮಿನ ಗೋಡೆಗೇ ದೀಪ ಕಟ್ಟುವ ಉಪಾಯ ಹೊಳೆಯಿತು.

ಎರಡನೆಯ ಪೆಟ್ಟು ರಾಜ್ಯದ ಪಾಲಿನ ಪತ್ರ. 'ನಮ್ಮ ಪಾಲನ್ನು ನಾವು ಕೊಡುತ್ತೇವೆ' ಎಂಬ ಒಂದು ಸಾಲಿನ ಪತ್ರವಿಲ್ಲದೆ ಪೋರ್ಟಲ್ಲು ಅರ್ಜಿಯನ್ನು ಒಳಗೇ ಬಿಟ್ಟುಕೊಳ್ಳುವುದಿಲ್ಲ. ಕೇಂದ್ರ ಮಂಜೂರು ಮಾಡಿದರೆ ಪತ್ರ ಕೊಡುತ್ತೇವೆ ಎಂದು ಇವರು, ಪತ್ರ ಬಂದರೆ ಮಂಜೂರಾತಿ ಯೋಚಿಸುತ್ತೇವೆ ಎಂದು ಅವರು. ಅಧಿಕಾರಿ ಪ್ರತಿ ಸಲ ಕರಾವಳಿಯಿಂದ ಬಸ್ಸಿನಲ್ಲಿ ಬಂದು, ನಮ್ಮ ಆಫೀಸಿನ ಬಚ್ಚಲಿನಲ್ಲಿ ಮುಖ ತೊಳೆದು, ಬೀದಿ ತುದಿಯ ದರ್ಶಿನಿಯಲ್ಲಿ ಇಡ್ಲಿ ತಿಂದು, ಇಲಾಖೆಯ ಮೆಟ್ಟಿಲು ಹತ್ತುತ್ತಿದ್ದರು. ಸಂಜೆ ಖಾಲಿ ಕೈಯಲ್ಲಿ ಬಂದು, "ನಾಳೆ ಅಂದ್ರು ಮೇಡಂ" ಎಂದು ಹೇಳಿ ಅದೇ ರಾತ್ರಿ ಬಸ್ಸು ಹತ್ತುತ್ತಿದ್ದರು. ಉಳಿಯಿರಿ ಎಂದರೆ ಕೇಳುತ್ತಿರಲಿಲ್ಲ, ಗಾರ್ಡು ಒಬ್ಬನೇ ಇದ್ದಾನೆ ಎನ್ನುತ್ತಿದ್ದರು. ಕೊನೆಗೂ ಆ ಪತ್ರ ಬಂತು.

ಮೂರನೆಯದು ಪೆಟ್ಟೋ ಅದೃಷ್ಟವೋ ಈಗಲೂ ತಿಳಿಯದು. ವರದಿಯಲ್ಲಿ ಬಂದರಿನ ಹಿಂದಿನ ವಿವರ ಸೇರಿಸಬೇಕಿತ್ತು. ಆಫೀಸಿನ ಕಂಪ್ಯೂಟರಿನಲ್ಲಿ ಬಂದರಿನ ಹೆಸರು ಹಾಕಿ ಹುಡುಕಿದೆ. ಒಂದು ಹಳೆಯ ವರದಿ ಸಿಕ್ಕಿತು. ಹಿಂದಿನ ವರ್ಷ ಆ ಸುರಕ್ಷತಾ ಸರ್ಟಿಫಿಕೇಟು ನವೀಕರಿಸಲು ಸಲ್ಲಿಸಿದ್ದ ವರದಿ. ಬರೆದದ್ದು ನಮ್ಮದೇ ಆಫೀಸು! ಆಗ ನಾನು ಒಂದು ಆಸ್ಪತ್ರೆಯ ಕೆಲಸದ ಮೇಲೆ ಹೊರಗಿದ್ದೆ. ಯಾರೂ ಬಂದರಿಗೆ ಹೋಗಿರಲಿಲ್ಲ, ಫೋಟೋಗಳನ್ನು ವಾಟ್ಸಾಪಿನಲ್ಲಿ ತರಿಸಿದ್ದರು, ಪದ್ಧತಿಯಂತೆ 'ಮನುಷ್ಯ ಸಮೇತ ಕಳಿಸಿ' ಎಂದು ಹೇಳಿ.

ಗೇಟಿನ ಫೋಟೋ ತೆರೆದೆ. ಇಸ್ತ್ರಿ ಮಾಡಿದ ಯೂನಿಫಾರ್ಮಿನಲ್ಲಿ ಗಾರ್ಡು, ಒಂದು ಕೈ ಕಂಬದ ಮೇಲೆ, ಮುಖದಲ್ಲಿ ನಗು. ಕೆಳಗೆ ಬರೆದಿತ್ತು: 'ಪ್ರವೇಶದ್ವಾರ ಸುಭದ್ರ, ಕಾವಲು ಇದೆ.' ಕಂಡಿ ಕಾಣುತ್ತಿರಲಿಲ್ಲ. ಕಂಡಿ ಇದ್ದ ಜಾಗದಲ್ಲಿ ಅವನೇ ಇದ್ದ.

ನಾನು ನಕ್ಕೆ. ಆಮೇಲೆ ಕೊನೆಯ ಪುಟಕ್ಕೆ ಹೋಗಿ ಸಹಿ ನೋಡಿದೆ. ಕೇಂದ್ರದ ಒಂದೇ ಕಟ್ಟಡದಲ್ಲಿ ಒಂದು ಮಹಡಿಗೆ 'ಎಲ್ಲ ಸರಿಯಿದೆ' ಎಂದು ಹೇಳಿದ್ದೇವೆ, ಈಗ ಇನ್ನೊಂದು ಮಹಡಿಗೆ 'ಏನೂ ಸರಿಯಿಲ್ಲ' ಎಂದು ಹೇಳಲು ಹೊರಟಿದ್ದೇವೆ. ಎರಡಕ್ಕೂ ಅದೇ ಅಧಿಕಾರಿಯ ಸಹಿ. ಅತ್ತ ದರಿ, ಇತ್ತ ಪುಲಿ.

ಯಜಮಾನರಿಗೆ ತೋರಿಸಿದೆ. ಅವರು ಕನ್ನಡಕ ಹಣೆಗೇರಿಸಿ ನೋಡಿ, "ಏನೀಗ?" ಎಂದರು.

"ಸಾರ್, ಎರಡೂ ಒಟ್ಟಿಗೆ ಸಿಕ್ಕಿದ್ರೆ?"

"ಒಂದ್ ಫ್ಲೋರಿನ ಫೈಲು ಇನ್ನೊಂದ್ ಫ್ಲೋರಿಗೆ ಯಾವತ್ತೂ ಹೋಗಲ್ಲ ಕಣಮ್ಮ. ನನ್ನ ಸರ್ವಿಸ್ ಪೂರ್ತಿ ನೋಡಿದೀನಿ. ನೀನು ಹೆದ್ರಬೇಡ. ಅಷ್ಟು ಭಯ ಇದ್ರೆ 'ಭಾಗಶಃ ಇದೆ' ಅಂತ ಹಾಕು. ಗೋಡೆ ಭಾಗಶಃ, ಗೇಟು ಭಾಗಶಃ. ಯಾರಿಗೂ ನೋವಾಗಲ್ಲ."

ಭಾಗಶಃ ಎಂದರೆ ಅಂಕ ಅರ್ಧ. ಅರ್ಧ ಅಂಕಕ್ಕೆ ಪಟ್ಟಿಯಲ್ಲಿ ಜಾಗವಿಲ್ಲ. ನಾನು ಅಧಿಕಾರಿಗೆ ಫೋನು ಮಾಡಿ ಇದ್ದದ್ದನ್ನೆಲ್ಲ ಹೇಳಿದೆ. ಮೂರು ದಾರಿ ಇವೆ ಎಂದೆ. ಸುಮ್ಮನೆ ಭಾಗಶಃ ಎಂದು ಬರೆದು ಸೋಲುವುದು, ಹಳೆಯದನ್ನು ಮುಚ್ಚಿಟ್ಟು ಯಜಮಾನರ ಮಹಡಿ ಸಿದ್ಧಾಂತವನ್ನು ನಂಬುವುದು, ಇಲ್ಲವೇ ಅರ್ಜಿಯನ್ನೇ ಬಿಟ್ಟುಬಿಡುವುದು.

ಅವರು ನಾನು ಯೋಚಿಸದ ನಾಲ್ಕನೆಯದನ್ನು ಹೇಳಿದರು.

"ಎರಡೂ ಫೋಟೋ ಪಕ್ಕಪಕ್ಕ ಹಾಕಿ ಮೇಡಂ. ಒಂದೇ ಪುಟದಲ್ಲಿ. ಅವ ನಿಂತದ್ದು, ಅವ ನಿಲ್ಲದ್ದು. ಗೋಡೆ ಇರ್ಬೇಕಾದಲ್ಲಿ ಮನುಷ್ಯ ನಿಂತಿದ್ದಾನೆ ಅಂತ ಬರೀರಿ. ನೋಡಿದವರಿಗೆ ಗೊತ್ತಾಗ್ತದೆ."

"ಸಾರ್, ಸರ್ಟಿಫಿಕೇಟಿಗೆ ತೊಂದ್ರೆ ಆದ್ರೆ? ಹಳೇದಕ್ಕೆ ಸಹಿ ಹಾಕಿದ್ದು ನೀವು."

"ಹೌದು, ನಾನೇ. ಅಡ್ಡ ನಿಂತದ್ದು ಸಾಕು ಮೇಡಂ. ಓಪನ್ ಆಗಿ ಕೇಳುವ. ಕೇಳಿದವನಿಗೆ ಕೊಡದಿದ್ರೆ ಮತ್ತೆ ಯಾರಿಗೆ ಕೊಡುದು?"

ಆ ಪುಟವನ್ನು ನಾನು ಪ್ರೀತಿಯಿಂದ ಮಾಡಿದೆ. ಎಡಕ್ಕೆ ಗಾರ್ಡು, ಬಲಕ್ಕೆ ಕಂಡಿ, ಕೆಳಗೆ ಎರಡು ಸಾಲು. 'ಎಡ: ಕಾವಲಿನ ವೇಳೆ ಪ್ರವೇಶದ್ವಾರ, ಹಿಂದಿನ ವರ್ಷದ ವರದಿಯಿಂದ. ಬಲ: ಅದೇ ದ್ವಾರ, ಕಾವಲುಗಾರ ಪಕ್ಕಕ್ಕೆ ಸರಿದಾಗ.' ಸುಳ್ಳಿಲ್ಲ, ದೂರಿಲ್ಲ, ಅಳುವಿಲ್ಲ. ಇಷ್ಟು ವರ್ಷದಲ್ಲಿ ನಾನು ಮಾಡಿದ ಅತ್ಯುತ್ತಮ ಪುಟ ಅದು ಎಂದು ಆಗ ಅನ್ನಿಸಿತು, ಈಗಲೂ ಅನ್ನಿಸುತ್ತದೆ. ಯಜಮಾನರು ಅದನ್ನು ನೋಡಿ, "ಕೈಯಾರೆ ಮೈಮೇಲೆ ಚೇಳು ಬಿಟ್ಕೊಳ್ತಿದೀರ" ಎಂದರು. ಆದರೂ ಮೊದಲ ಪ್ರತಿಗೆ ಕುಂಕುಮ ಇಟ್ಟರು. ಬುಧವಾರ ಅಪ್‌ಲೋಡ್ ಮಾಡಿದೆವು.

ಸಮಿತಿಯ ವಿಚಾರಣೆ ವಿಡಿಯೋ ಕಾಲಿನಲ್ಲಿ ನಡೆಯಿತು. ಅಧಿಕಾರಿ ನಮ್ಮ ಆಫೀಸಿಗೇ ಬಂದಿದ್ದರು, ಇಸ್ತ್ರಿ ಮಾಡಿದ ಅಂಗಿ, ಆವತ್ತು ಶೂ. ಸಮಿತಿಯವರು ಮೊದಲು ದೀಪದ ಬಗ್ಗೆ ಕೇಳಿದರು, ನಾನು ಉತ್ತರಿಸಿದೆ. ಗೋದಾಮಿನ ಗೋಡೆಗೆ ದೀಪ ಕಟ್ಟುವ ಉಪಾಯವನ್ನು ಒಬ್ಬರು ಮೆಚ್ಚಿಕೊಂಡರು ಕೂಡ. ಕೆಳಗೆ ರಸ್ತೆಯಲ್ಲಿ ತಳ್ಳುಗಾಡಿಯ ಧ್ವನಿವರ್ಧಕ ಈರುಳ್ಳಿ ಆಲೂಗಡ್ಡೆ ಎಂದು ಕೂಗತೊಡಗಿತು, ನಾನು ಎದ್ದು ಕಿಟಕಿ ಹಾಕಿದೆ. ತಿರುಗಿ ನೋಡುವಷ್ಟರಲ್ಲಿ ಪರದೆಯ ಮೇಲೆ ನಮ್ಮ ಆ ಪುಟ ಬಂದಿತ್ತು.

ಒಬ್ಬ ಸದಸ್ಯರು ಇಂಗ್ಲಿಷಿನಲ್ಲಿ ಕೇಳಿದರು, ಹಿಂದಿನ ವರ್ಷ ಈ ಕಂಡಿ ಇತ್ತೋ ಇಲ್ಲವೋ. ಇತ್ತು ಎಂದರು ಅಧಿಕಾರಿ. ಮತ್ತೆ ಫೋಟೋದಲ್ಲಿ ಏಕೆ ಇಲ್ಲ? ಗಾರ್ಡು ಅದರ ಮುಂದೆ ನಿಂತಿದ್ದ ಎಂದರು. ಪರದೆಯ ಚೌಕಗಳಲ್ಲಿ ಒಂದೊಂದೇ ಮುಖ ನಕ್ಕಿತು. ಕೆಟ್ಟ ನಗುವಲ್ಲ, ಮಧ್ಯಾಹ್ನದ ಊಟಕ್ಕೆ ಮುಂಚೆ ಸಿಕ್ಕಿದ ಒಂದು ತಮಾಷೆಗೆ ನಗುವ ನಗು. ಅಧಿಕಾರಿ ನಗಲಿಲ್ಲ. ಅವರು ಗಾರ್ಡು ನೀರಿಗೆ ಬಿದ್ದ ಕಥೆ ಶುರುಮಾಡಿದರು. ತೊಡೆ ಹರಿದ ಜಾಗಕ್ಕೆ ಬರುವಷ್ಟರಲ್ಲಿ ನಿಮ್ಮ ಸಮಯ ಮುಗಿಯಿತು ಎಂದು ಚೌಕಗಳು ಮಾಯವಾದವು. ನನಗೆ ಬಂದ ಸಿಟ್ಟಿಗೆ ಆ ಲ್ಯಾಪ್‌ಟಾಪನ್ನು ಎತ್ತಿ ಕೆಳಗಿನ ಪಾತ್ರೆ ಅಂಗಡಿಗೆ ಎಸೆಯಬೇಕು ಅನ್ನಿಸಿತು.

"ಹೋಗ್ಲಿ ಮೇಡಂ. ನಕ್ಕವರು ನೆನಪಿಟ್ಕೊಳ್ತಾರೆ," ಎಂದರು ಅವರು. ಅವರಿಗೆ ಆಗಲೂ ನಂಬಿಕೆ ಇತ್ತು.

ನೆನಪಿಟ್ಟುಕೊಂಡರು. ಒಂದೇ ವಾರದಲ್ಲಿ ಎರಡು ಪತ್ರ ಬಂದವು, ಒಂದೇ ಕಟ್ಟಡದಿಂದ, ಬೇರೆ ಬೇರೆ ಮಹಡಿಯಿಂದ. ಅನುದಾನದ ಮಹಡಿಯ ಪತ್ರ ಹೇಳಿತು: ಈ ಬಂದರಿಗೆ ಸುರಕ್ಷತಾ ಸರ್ಟಿಫಿಕೇಟು ಇರುವುದರಿಂದಲೂ, ಪ್ರವೇಶದ್ವಾರ ಸುಭದ್ರವಾಗಿರುವುದು ದಾಖಲೆಯಲ್ಲಿ ಇರುವುದರಿಂದಲೂ, ಅನುದಾನದ ಅಗತ್ಯ ಕಂಡುಬರುವುದಿಲ್ಲ. ಸರ್ಟಿಫಿಕೇಟಿನ ಮಹಡಿಯ ಪತ್ರ ಹೇಳಿತು: ಪ್ರವೇಶದ್ವಾರದಲ್ಲಿ ಗಂಭೀರ ಲೋಪ ಇರುವುದನ್ನು ಬಂದರೇ ಒಪ್ಪಿಕೊಂಡಿರುವುದರಿಂದ, ಲೋಪ ಸರಿಪಡಿಸುವವರೆಗೆ ಸರ್ಟಿಫಿಕೇಟನ್ನು ಅಮಾನತಿನಲ್ಲಿ ಇಡಲಾಗಿದೆ. ಎರಡಕ್ಕೂ ಒಂದೊಂದು ಹಾಳೆ ಲಗತ್ತಿಸಿದ್ದರು. ಮೊದಲನೆಯದಕ್ಕೆ ನನ್ನ ಪುಟದ ಎಡಭಾಗ. ಎರಡನೆಯದಕ್ಕೆ ಬಲಭಾಗ. ನಡುವೆ ನೀಟಾಗಿ ಕತ್ತರಿಸಿದ್ದರು.

ಯಜಮಾನರು ಎರಡನ್ನೂ ಮೇಜಿನ ಮೇಲೆ ಜೋಡಿಸಿ ಬಹಳ ಹೊತ್ತು ನೋಡಿದರು. "ಹೋಯ್ತಲ್ಲಮ್ಮ, ಫೈಲು ಫ್ಲೋರ್ ದಾಟ್ತು" ಎಂದರು. ಅವರ ದನಿಯಲ್ಲಿ ನನ್ನನ್ನು ಗೆದ್ದ ಸಂತೋಷವಿರಲಿಲ್ಲ. ಜೀವಮಾನದ ಒಂದು ನಂಬಿಕೆ ಹೋದ ಮುದುಕನ ದನಿ ಅದು.

ನಾನು ಮೇಲ್ಮನವಿ ಬರೆದೆ. ಬಂದರು ಸುರಕ್ಷಿತವಾಗಿದ್ದರೆ ಸರ್ಟಿಫಿಕೇಟು ಕೊಡಿ, ಸುರಕ್ಷಿತವಲ್ಲದಿದ್ದರೆ ಅನುದಾನ ಕೊಡಿ, ಎರಡರಲ್ಲಿ ಒಂದಾದರೂ ನಿಜವಿರಬೇಕಲ್ಲ ಎಂಬುದು ಅದರ ಸಾರ. ಇಷ್ಟು ಸರಳವಾಗಿ ಬರೆದರೆ ಓದುವುದಿಲ್ಲ ಎಂದು ನಿಯಮಗಳ ಸಂಖ್ಯೆ ಹಾಕಿ ಉದ್ದ ಮಾಡಿದೆ. ಉತ್ತರ ಬಂತು. ಎರಡೂ ವಿಭಾಗಗಳು ತಂತಮ್ಮ ಮಾರ್ಗಸೂಚಿಯಂತೆ ಸರಿಯಾಗಿಯೇ ನಡೆದುಕೊಂಡಿವೆ, ಬಂದರು ಸ್ವಂತ ಸಂಪನ್ಮೂಲದಿಂದ ಗೋಡೆ ಕಟ್ಟಿಕೊಂಡಲ್ಲಿ ಸರ್ಟಿಫಿಕೇಟನ್ನು ಮರುಪರಿಶೀಲಿಸಲಾಗುವುದು. ಅವರು ಹೇಳಿದ್ದರಲ್ಲಿ ತಪ್ಪು ಹುಡುಕಲು ಮೂರು ಸಲ ಓದಿದೆ. ನಿಜಕ್ಕೂ ಎರಡೂ ಮಹಡಿ ನಿಯಮದಂತೆಯೇ ನಡೆದಿದ್ದವು. ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗೆ ನಮ್ಮ ಅಷ್ಟೂ ಕೆಲಸ ಎಲ್ಲಿ ಹೋಯಿತು ಎಂಬುದೇ ತಿಳಿಯಲಿಲ್ಲ.

ಆಮೇಲಿನದನ್ನು ಅಧಿಕಾರಿ ಫೋನಿನಲ್ಲಿ ತುಂಡುತುಂಡಾಗಿ ಹೇಳುತ್ತ ಬಂದರು. ವಿದೇಶಿ ಹಡಗುಗಳ ಏಜೆಂಟು ಬೇರೆ ಬಂದರಿಗೆ ಹೋದ. ಹಡಗಿಲ್ಲದ ಮೇಲೆ ಆದಾಯವಿಲ್ಲ. ಸ್ವಂತ ಸಂಪನ್ಮೂಲ ಎಂದು ಪತ್ರದಲ್ಲಿ ಬರೆದದ್ದು ಯಾವುದೋ ಅದೇ ನಿಂತುಹೋಯಿತು. ಇನ್ನು ಗೋಡೆಯ ಮಾತೆಲ್ಲಿ. ಕೊನೆಗೆ ಮೇಲಿನ ಕಚೇರಿಯಿಂದ ಒಂದು ಸೂಚನೆ ಬಂತಂತೆ: ಹಡಗೇ ಬಾರದ ಬಂದರಿಗೆ ಹೊರಗುತ್ತಿಗೆ ಗಾರ್ಡು ಅನಗತ್ಯ.

"ಟಾರ್ಚು ಇಲಾಖೆದ್ದು, ವಾಪಸ್ ಕೊಟ್ಟ," ಎಂದರು. "ಸೀಟಿ ಅವನ ಸ್ವಂತದ್ದು ಮೇಡಂ. ಅದನ್ನೂ ಮೇಜಿನ ಮೇಲೆ ಇಟ್ಟು ಹೋದ. ನಿಮಗೆ ಬೇಕಾಗ್ತದೆ ಅಂದ."

"ನಮ್ಮಿಂದ ಹೀಗಾಯ್ತಲ್ಲ ಸಾರ್" ಎಂದೆ.

"ನೀವು ಬರೆದದ್ದು ಸರಿ ಉಂಟು ಮೇಡಂ," ಎಂದರು. ಅದಾದ ಮೇಲೆ ಅವರು ತಾವಾಗಿ ಫೋನು ಮಾಡಲಿಲ್ಲ. ನಾನು ಮಾಡಿದರೆ ಎತ್ತುತ್ತಿದ್ದರು, ಮಳೆ ಹೇಗಿದೆ ಎಂದು ಕೇಳಿದರೆ ಇದೆ ಎನ್ನುತ್ತಿದ್ದರು.

ಇತ್ತೀಚೆಗೆ ಗೊತ್ತಿಲ್ಲದ ನಂಬರಿನಿಂದ ಒಂದು ಕರೆ ಬಂತು. ಗಾರ್ಡು. ಭಾವ ಅರೆಕೆರೆಯಲ್ಲಿ ಕೆಲಸ ಕೊಡಿಸಿದ್ದಾನೆ, ಬಂದು ನೋಡಿ ಎಂದ. ಆ ಭಾನುವಾರ ಕತ್ರಿಗುಪ್ಪೆಯಿಂದ ಬಸ್ಸು ಹತ್ತಿ ಹೋದೆ. ಬನ್ನೇರುಘಟ್ಟ ರಸ್ತೆಯಿಂದ ಒಳಗೆ, ಒಂದು ದೊಡ್ಡ ಅಪಾರ್ಟ್‌ಮೆಂಟು. ಆಳೆತ್ತರಕ್ಕೂ ಮಿಕ್ಕಿದ ಗೋಡೆ, ಗೋಡೆಯ ಮೇಲೆ ತಂತಿ, ತಾನಾಗಿ ಏಳುವ ಅಡ್ಡಗಂಬದ ಗೇಟು, ಮೂಲೆಮೂಲೆಗೆ ಕ್ಯಾಮೆರಾ, ಹಗಲಿನಲ್ಲೂ ಉರಿಯುತ್ತಿದ್ದ ದೀಪ, ಪ್ರತಿ ಗಾರ್ಡಿನ ಸೊಂಟಕ್ಕೆ ವಾಕಿಟಾಕಿ. ಒಳಗಿನ ಈಜುಕೊಳಕ್ಕೆ ಸುತ್ತಲೂ ಸ್ಟೀಲಿನ ಕಟಾಂಜನ. ನನ್ನ ಅಂದಾಜು ಪಟ್ಟಿಯ ಪ್ರತಿಯೊಂದು ಸಾಲೂ ಅಲ್ಲಿತ್ತು, ದೋಣಿಯೊಂದನ್ನು ಬಿಟ್ಟು.

ಅವನು ಸ್ವಲ್ಪ ದಪ್ಪಗಾಗಿದ್ದ. ಹೊಸ ಯೂನಿಫಾರ್ಮು, ಹೊಸ ಟೋಪಿ.

"ಇಲ್ಲಿ ಎಂತ ಕೆಲಸವೂ ಇಲ್ಲ ಮೇಡಂ. ಎಲ್ಲ ಕ್ಯಾಮೆರಾ ನೋಡ್ತದೆ. ನಾನು ಕಾರಿಗೆ ಸಲ್ಯೂಟ್ ಹೊಡಿಯುದು ಮಾತ್ರ. ಗಾಳಿ ಇಲ್ಲ ಅಂದಿದ್ದೆ ಅಲ್ವಾ, ನಿಜವಾಗಿ ಇಲ್ಲ."

ಗೇಟಿನ ಪಕ್ಕದ ಅಂಗಡಿಯಲ್ಲಿ ಟೀ ಕೊಡಿಸಿದ, ನನಗೆ ಜೇಬಿಗೆ ಕೈಹಾಕಲು ಬಿಡಲಿಲ್ಲ. ಅವನಿಗೆ ಆದ ಅನ್ಯಾಯಕ್ಕೆ ಕ್ಷಮೆ ಕೇಳಬೇಕು ಎಂದುಕೊಂಡು ಬಂದಿದ್ದೆ, ಅವನು ನೋಡಿದರೆ ಸುಖವಾಗಿದ್ದ. ಅಧಿಕಾರಿ ಹೆದರಿದ್ದ ಸುದ್ದಿಯನ್ನು ಅವನ ಮನೆಗೆ ಯಾರೂ ಒಯ್ಯಬೇಕಾಗಿಲ್ಲ ಎಂದು ನೆಮ್ಮದಿಯಾಯಿತು. ಬಂದದ್ದಕ್ಕೆ ಇಷ್ಟಾದರೂ ಸಿಕ್ಕಿತಲ್ಲ ಎಂದು ಹೊರಡಲು ಎದ್ದೆ.

"ಸಾಹೇಬರ ಹತ್ರ ಮಾತಾಡಿದ್ರಾ ಮೇಡಂ?" ಎಂದು ಕೇಳಿದ.

"ಹೋದ ವಾರ. ಮಳೆ ಇದೆ ಅಂದ್ರು, ಅಷ್ಟೇ."

"ಈಗ ಅವರೇ ರೌಂಡ್ಸ್ ಹೋಗುದಂತೆ. ಮಂಜಿಯವರು ಹೇಳಿದ್ರು. ಕತ್ತಲಾದ ಮೇಲೆ ಟಾರ್ಚು ಹಿಡ್ಕೊಂಡು ಜೆಟ್ಟಿಯ ಕೊನೆವರೆಗೆ. ಡೀಸೆಲ್ ಕದಿಯುವವರನ್ನು ಕಂಡ್ರೆ ಸೀಟಿ ಊದಿಕೊಂಡು ಓಡ್ತಾರಂತೆ."

ಅವನು ಟೀ ಲೋಟವನ್ನು ಅಂಗಡಿಯವನಿಗೆ ಕೊಟ್ಟು, ನನ್ನ ಮುಖ ನೋಡದೆ ಹೇಳಿದ:

"ಅವರಿಗೆ ಈಜ್ಲಿಕ್ಕೆ ಬರುದಿಲ್ಲ ಮೇಡಂ."

ಅಷ್ಟರಲ್ಲಿ ಒಂದು ಕಾರು ಬಂತು. ಅವನು ಓಡಿಹೋಗಿ ಗೇಟಿನ ಮುಂದೆ ನಿಂತು ಸಲ್ಯೂಟ್ ಹೊಡೆದ.